ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯಲ್ಲಿ (ಮೂರು ಸಾಲಿನ ಪದ್ಯ) ಮಾತ್ರೆ, ಅಂದರೆ ಉಚ್ಚಾರಣೆಯ ಕಾಲದ ಅಳತೆ, ಸರಿಹೊಂದುತ್ತಿಲ್ಲ, ಛಂದೋದೋಷವೆಂದು ಉತ್ತರದಲ್ಲಿ ಬರೆಯಬಹುದೇ?

ದಯವಿಟ್ಟು ಬರೆಯಬೇಡಿ. ನಾನು ಬರೆದು ಅನುಭವಿಸಿದ್ದೇನೆ.

ಎಂ.ಎ. ಪರೀಕ್ಷೆಯಲ್ಲಿ ಬಾದಾಮಿಯ ಇದೇ ಪದ್ಯಕ್ಕೆ ಪ್ರಸ್ತಾರ ಹಾಕಿ, ಅಂದರೆ ಎರಡು ಮಾತ್ರೆಯ ಗುರು, ಒಂದು ಮಾತ್ರೆಯ ಲಘು ಅಕ್ಷರಗಳನ್ನು ಗುರುತಿಸಿ, ಗಣ (ಅಕ್ಷರಗಳ ಗುಂಪು) ವಿಂಗಡಿಸಬೇಕಿತ್ತು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಮಾತ್ರೆ ಎಣಿಸುವ ಷಟ್ಪದಿಗಳನ್ನು ಅರೆದು ಕುಡಿದಿದ್ದೆ. ಕೈ ತಾನಾಗಿಯೇ ಮಾತ್ರೆ ಎಣಿಸಿತು. ಮೊದಲ ಸಾಲಿಗೆ 20, ಎರಡನೆಯದಕ್ಕೆ 18. ಗಣಗಳೂ ಒಂದೇ ಸಮವಿಲ್ಲ. 'ಕಂಡರಿಸಿದವನ ಪ್ರಮಾದ' ಎಂದು ಷರಾ ಬರೆದೆ. 15 ಅಂಕದ ಪ್ರಶ್ನೆಗೆ 3 ಬಂತು, ಅಷ್ಟರಲ್ಲೇ ಪ್ರಥಮ ದರ್ಜೆ ತಪ್ಪಿತು.

ಈ ತ್ರಿಪದಿಗೆ ಮಾತ್ರೆಯ ಲೆಕ್ಕವೇ ಇಲ್ಲ. ಅದು ಅಂಶಗಣದ್ದು. ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು. ಮುಂದಿನ ಪ್ರತಿ ಅಕ್ಷರ, ಗುರುವಿರಲಿ ಲಘುವಿರಲಿ, ಒಂದೊಂದು ಅಂಶ. ಎರಡು ಅಂಶವಾದರೆ ಬ್ರಹ್ಮ, ಮೂರಾದರೆ ವಿಷ್ಣು. ಒಟ್ಟು 11 ಗಣಗಳಲ್ಲಿ 6 ಮತ್ತು 10ನೆಯವು ಬ್ರಹ್ಮ, ಉಳಿದವೆಲ್ಲ ವಿಷ್ಣು. ಈಗ ಒಡೆಯಿರಿ: ಸಾಧುಗೆ | ಸಾಧು ಮಾ | ಧುರ್ಯಂಗೆ | ಮಾಧುರ್ಯಂ. ಪದ ಮುಗಿದಲ್ಲಿಯೇ ಗಣ ಮುಗಿಯಬೇಕಿಲ್ಲ. ಮುಂದೆ ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್. ಆರನೆಯದು 'ಕಲಿಗೆ', ಅಪ್ಪಟ ಬ್ರಹ್ಮ. ಕೊನೆಗೆ ಮಾಧವ | ನೀತನ್ | ಪೆರನಲ್ಲ. ಹತ್ತನೆಯದು 'ನೀತನ್'. ಕ್ರಿ.ಶ. 700ರ ಸುಮಾರಿಗೆ ಬಂಡೆಯ ಮೇಲೆ ಕೊರೆದ ಪದ್ಯ ಎಳ್ಳಷ್ಟೂ ತಪ್ಪಿಲ್ಲ!

ಹಾಗಾಗಿ ಛಂದೋದೋಷವೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೆನ್ನು ಕೆಳಗಿಟ್ಟು ಮೊದಲು ಹಾಡಿ. ಬೀಸುಕಲ್ಲಿನ ಪದಗಳೂ ತ್ರಿಪದಿಯೇ. ನಮ್ಮಜ್ಜಿ ಬೇಕಾದ ಕಡೆ ಅಕ್ಷರವನ್ನು ಎಳೆಯುತ್ತಿದ್ದರು, ಬೇಡವಾದ ಕಡೆ ಒತ್ತಿ ಬಿಡುತ್ತಿದ್ದರು. ಅಂಶ ಎಂದರೇನೆಂದು ನನಗೆ ತಿಳಿದದ್ದು ಆ ಹಾಡನ್ನು ನೆನಪಿಸಿಕೊಂಡಾಗ, ಪಠ್ಯದಿಂದಲ್ಲ.

ಉತ್ತರದಲ್ಲಿ ಸಾಧು, ಬಾಧಿ, ಮಾಧವಗಳ ಧಕಾರದ ಆದಿಪ್ರಾಸವನ್ನು (ಸಾಲುಗಳ ಎರಡನೆಯ ಅಕ್ಷರದ ಪ್ರಾಸ) ಒಂದು ವಾಕ್ಯದಲ್ಲಿ ಹೇಳಿ ಮುಗಿಸಿ, ಅದನ್ನು ಎಲ್ಲರೂ ಬರೆಯುತ್ತಾರೆ. ಲಘುಗಳ ಮೇಲೆ ಬೆರಳಿಡಿ. ಸಾಧು, ಮಾಧುರ್ಯದ ಸಾಲಿನಲ್ಲಿ 12 ಅಕ್ಷರಕ್ಕೆ 8 ಗುರು, ನಿಧಾನದ ನಡೆ. ಬಾಧಿಸುವವನ ಮಾತು ಬಂದೊಡನೆ '-ಪ್ಪ ಕಲಿಗೆ ಕಲಿಯುಗ ವಿಪ-' ಎಂದು 10 ಲಘುಗಳು ಒಂದರ ಹಿಂದೊಂದು ನುಗ್ಗುತ್ತವೆ. ಗಿಡ್ಡ ಗಣವಾದ 'ಕಲಿಗೆ' ಕೂಡ ಅಲ್ಲಿಯೇ ಬೀಳುತ್ತದೆ.