ಇಂಗ್ಲಿಷ್ ಶಿಬಿರದ ಮಕ್ಕಳಿಗೆ ಯಾವ ಬಹುಮಾನ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ಅಧ್ಯಾಪಿಕೆಯೊಬ್ಬರು ಹೀಗೆ ಬರೆದಿದ್ದಾರೆ: "ಓಣಂ ರಜೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗಿನ 42 ಮಕ್ಕಳಿಗೆ ಆರು ದಿನಗಳ ಇಂಗ್ಲಿಷ್ ಮಾತುಗಾರಿಕೆಯ ಶಿಬಿರ ನಡೆಸಲಿದ್ದೇವೆ. ಬಹುಮಾನಗಳಿಗೆಂದು ರಕ್ಷಕ ಶಿಕ್ಷಕ ಸಂಘ 2,500 ರೂಪಾಯಿ ಕೊಟ್ಟಿದೆ. ಕಳೆದ ವರ್ಷ ಪ್ರತಿಯೊಂದು ಸರಿಯುತ್ತರಕ್ಕೂ ಚಾಕೊಲೇಟು, ಕೊನೆಯ ದಿನ ಗೆದ್ದವರಿಗೆ ಪ್ಲಾಸ್ಟಿಕ್ ಟ್ರೋಫಿ, ಉಳಿದವರಿಗೆ ಕೀಚೈನು ಕೊಟ್ಟಿದ್ದೆವು. ಮೂರನೆಯ ದಿನವಾಗುವಾಗ ಕೈಯೆತ್ತುವವರು ನಾಲ್ಕೈದು ಮಂದಿ ಮಾತ್ರ. ಶಿಬಿರ ಮುಗಿದ ಮೇಲೆ ನೋಡಿದರೆ ಎಷ್ಟೋ ಕೀಚೈನುಗಳು ಬೆಂಚಿನ ಮೇಲೆಯೇ ಉಳಿದಿದ್ದವು. ಈ ವಯಸ್ಸಿನವರಿಗೆ ಕಡಿಮೆ ಖರ್ಚಿನಲ್ಲಿ ಏನು ಕೊಡಬಹುದು?"

ಸಂಪಾದಕರ ಉತ್ತರ:

ಪ್ರಿಯ ಸಹೋದರಿ, ಬೆಂಚಿನ ಮೇಲೆ ಉಳಿದ ಕೀಚೈನುಗಳಿಗಿಂತ ಮೂರನೆಯ ದಿನ ಕೆಳಗಿಳಿದ ಕೈಗಳು ನನ್ನನ್ನು ಹೆಚ್ಚು ಕಾಡಿದವು. ಸರಿಯುತ್ತರಕ್ಕೆ ಬಹುಮಾನವೆಂದು ನಿಗದಿಯಾದ ಕೂಡಲೇ ಅದು ಮೊದಲೇ ಇಂಗ್ಲಿಷ್ ಬಲ್ಲ ನಾಲ್ಕೈದು ಮಕ್ಕಳ ಪಾಲಾಗುತ್ತದೆ. ಉಳಿದವರು, ಯಾರಿಗಾಗಿ ಶಿಬಿರವನ್ನು ಏರ್ಪಡಿಸಿದ್ದೀರೋ ಅವರೇ, ಇದು ತಮಗಲ್ಲವೆಂದು ಹಿಂದಿನ ಸಾಲಿಗೆ ಸರಿಯುತ್ತಾರೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಗೆಳೆಯರೆದುರು ತಪ್ಪು ಮಾತಾಡಿ ನಗೆಪಾಟಲಾಗುವುದಕ್ಕಿಂತ ದೊಡ್ಡ ಭಯ ಬೇರೆ ಇಲ್ಲ. ಆ ಭಯವನ್ನು ಒಂದು ಚಾಕೊಲೇಟು ಗೆಲ್ಲಲಾರದು. ಆದ್ದರಿಂದ ಏನು ಕೊಡಬೇಕೆಂಬುದಕ್ಕಿಂತ ಮೊದಲು ಯಾವುದಕ್ಕಾಗಿ ಕೊಡುತ್ತೀರೆಂಬುದನ್ನು ತೀರ್ಮಾನಿಸಿಕೊಳ್ಳಿ. ತಪ್ಪಾದರೂ ವಾಕ್ಯವನ್ನು ಪೂರ್ತಿ ಮಾಡಿದ್ದಕ್ಕೆ, ಅರ್ಥವಾಗದ್ದನ್ನು ಎದ್ದು ನಿಂತು ಕೇಳಿದ್ದಕ್ಕೆ, ತಡವರಿಸುತ್ತಿದ್ದ ಗೆಳತಿಗೆ ಒಂದು ಪದವನ್ನು ಮೆಲ್ಲಗೆ ಹೇಳಿಕೊಟ್ಟಿದ್ದಕ್ಕೆ ಬಹುಮಾನ ಸಿಗುವುದೆಂದಾದರೆ 42 ಮಂದಿಯೂ ಅದಕ್ಕೆ ಅರ್ಹರಾಗಬಲ್ಲರು.

ಪ್ರತಿ ಉತ್ತರಕ್ಕೂ ಒಂದೊಂದು ವಸ್ತು ಎಂಬ ಪದ್ಧತಿಯನ್ನು ಈ ವರ್ಷ ಬಿಟ್ಟುಬಿಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು, ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಎರಡನೆಯದಕ್ಕೆ ಏನೂ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಒಂದೆರಡು ವಾರ ಕಳೆದ ಮೇಲೆ ಯಾರೂ ಹೇಳದೆ ತಾವಾಗಿಯೇ ಆ ಪೆನ್ನುಗಳನ್ನು ಎತ್ತಿಕೊಂಡು ಮಕ್ಕಳು ಕಳೆದ ಸಮಯವನ್ನು ಲೆಕ್ಕ ಹಾಕಿದಾಗ, ಮೊದಲೇ ಆಸೆ ಹುಟ್ಟಿಸಿದ ಗುಂಪಿನದು ಉಳಿದೆರಡು ಗುಂಪುಗಳ ಅರ್ಧದಷ್ಟೇ ಇತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. ಅವರು ಮೂರರಿಂದ ಐದು ವರ್ಷದ ಮಕ್ಕಳು, ಮಾಡುತ್ತಿದ್ದುದು ಅವರಿಗೆ ಪ್ರಿಯವಾದ ಕೆಲಸ. ನಿಮ್ಮ ಮಕ್ಕಳು ದೊಡ್ಡವರು, ಇಂಗ್ಲಿಷಿನ ಮೇಲೆ ಅವರಿಗಿನ್ನೂ ಪ್ರೀತಿ ಹುಟ್ಟಿಲ್ಲದಿರಬಹುದು. ಹಾಗಾಗಿ ಮೊದಲ ದಿನ ಬಾಯಿ ತೆರೆಸಲು ಒಂದು ಪುಟ್ಟ ಆಮಿಷವಿದ್ದರೆ ತಪ್ಪೆಂದು ನಾನು ಹೇಳಲಾರೆ. ಎರಡನೆಯ ದಿನದಿಂದ ಮಾತ್ರ ಬಹುಮಾನವನ್ನು ಮುಂಚಿತವಾಗಿ ಸಾರಬೇಡಿ. ಸಂಜೆ ಹೊರಡುವ ಹೊತ್ತಿಗೆ, ಇಂಥವರು ಇಂಥದ್ದನ್ನು ಮಾಡಿದರೆಂದು ಹೆಸರು ಹಿಡಿದು ಕರೆದು ಕೊಡಿ.

ಇನ್ನು ವಸ್ತುಗಳ ವಿಚಾರ. ಈ ವಯಸ್ಸಿನವರಿಗೆ ತಾವು ಚಿಕ್ಕ ಮಕ್ಕಳಲ್ಲವೆಂಬುದನ್ನು ದಿನಕ್ಕೆ ಹತ್ತು ಸಲ ಸಾಬೀತುಪಡಿಸಬೇಕಾಗಿರುತ್ತದೆ. ಕಾರ್ಟೂನಿನ ಚಿತ್ರವಿರುವ ರಬ್ಬರು, ಹೊಳೆಯುವ ಸ್ಟಿಕ್ಕರು ಮೂರನೆಯ ತರಗತಿಯಲ್ಲಿ ಸಂಪತ್ತು, ಒಂಬತ್ತನೆಯ ತರಗತಿಯಲ್ಲಿ ಮುಜುಗರ. ಗೆಳೆಯರ ಮುಂದೆ ನಾಚಿಕೆಯಿಲ್ಲದೆ ಕಿಸೆಯಿಂದ ತೆಗೆಯಬಹುದಾದದ್ದನ್ನು ಕೊಡಿ. ಸರಾಗವಾಗಿ ಬರೆಯುವ, ನೋಡಲು ಸರಳವಾದ ಹತ್ತು ರೂಪಾಯಿಯ ಜೆಲ್ ಪೆನ್ನು ಎರಡು ಅಡಿ ಎತ್ತರದ ಟ್ರೋಫಿಗಿಂತ ಹೆಚ್ಚು ಗೌರವದ ವಸ್ತು, ಏಕೆಂದರೆ ಅದು ದೊಡ್ಡವರೂ ಬಳಸುವ ವಸ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ, ಗಟ್ಟಿ ರಟ್ಟಿನ ನೋಟ್‌ಪುಸ್ತಕವೂ ಹಾಗೆಯೇ. ಇವೆರಡನ್ನು ಬಹುಮಾನವೆಂದು ಕರೆಯದೆ ಮೊದಲ ದಿನವೇ 42 ಮಂದಿಗೂ ಹಂಚಿಬಿಡಿ. ಆರು ದಿನ ಅವರು ಕೇಳಿದ ಹೊಸ ಪದಗಳು ಅದರಲ್ಲಿ ಸೇರಲಿ.

ನಮ್ಮ ಕಡೆಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಸ್ಟೀಲಿನ ತಟ್ಟೆ, ಲೋಟ ಕೊಡುವ ವಾಡಿಕೆಯನ್ನು ನೀವು ಬಲ್ಲಿರಿ. ನನ್ನ ಮನೆಯಲ್ಲಿ ಅಂಥ ಒಂದು ತಟ್ಟೆ ಇಂದಿಗೂ ಇದೆ, ಕಂಠಪಾಠ ಸ್ಪರ್ಧೆಯಲ್ಲಿ ಸಿಕ್ಕಿದ್ದು. ಅಂದು ಅದನ್ನು ಅಮ್ಮ ಒಡನೆಯೇ ಅಡುಗೆಮನೆಗೆ ಒಯ್ದದ್ದರಿಂದ ನನಗೆ ಸ್ವಲ್ಪ ನಿರಾಸೆಯಾಗಿತ್ತು. ಆದರೆ ಅದರ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ನನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದುದು ನೆನಪಿದೆ. ನೀವು ಕೊಡುವ ವಸ್ತು ಯಾವುದೇ ಆಗಲಿ, ಅದರ ಮೇಲೆ ಮಗುವಿನ ಹೆಸರಿರಲಿ, ಯಾತಕ್ಕಾಗಿ ಕೊಟ್ಟಿರೆಂಬ ಒಂದು ಸಾಲಿರಲಿ.

ಪ್ರಮಾಣಪತ್ರದ ಮಾತೂ ಇದೇ. "ಶಿಬಿರದಲ್ಲಿ ಭಾಗವಹಿಸಿರುತ್ತಾರೆ" ಎಂದು ಅಚ್ಚಾದ ಹಾಳೆ ಕಪಾಟಿನ ತಳ ಸೇರುತ್ತದೆ. ಅದರ ಬದಲು ನಿಮ್ಮ ಕೈಬರಹದಲ್ಲಿ, ಸರಳವಾದ ಇಂಗ್ಲಿಷಿನಲ್ಲಿ, ಆ ಮಗುವಿಗೆ ಮಾತ್ರ ಸಲ್ಲುವ ಎರಡು ವಾಕ್ಯ ಬರೆಯಿರಿ: ಮೂರನೆಯ ದಿನ ನೀನು ಮಳೆಯ ಬಗ್ಗೆ ಕೇಳಿದ ಪ್ರಶ್ನೆಗೆ ನನಗೂ ಉತ್ತರ ಹೊಳೆಯಲಿಲ್ಲ, ಎಂಬಂಥದ್ದು. 42 ಮಂದಿಗೆ ಬರೆಯುವುದು ಶ್ರಮದ ಕೆಲಸ. ದಿನಕ್ಕೆ ಏಳರಂತೆ ಬರೆದರೆ ಆರು ದಿನಗಳಲ್ಲಿ ಮುಗಿಯುತ್ತದೆ, ಖರ್ಚು ಕಾಗದದ್ದು ಮಾತ್ರ. ನೀವು ಕೊಡಬಹುದಾದವುಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಪುಸ್ತಕಗಳನ್ನು ಕೊಡುವುದಾದರೆ ದಪ್ಪ ನಿಘಂಟಿಗೆ ಹೋಗಬೇಡಿ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್, ಅದೇ ವರ್ಷ ವ್ಯಂಗ್ಯಚಿತ್ರಕಾರ ಶಂಕರ್ ಅವರು ಆರಂಭಿಸಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ಇವೆರಡೂ ಅಗ್ಗದ ಬೆಲೆಯ ತೆಳು ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ತರುತ್ತಿವೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಕೆಲವು ಪುಸ್ತಕಗಳು ಕನ್ನಡದಲ್ಲೂ ಇರುವುದರಿಂದ, ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ಅಕ್ಕಪಕ್ಕ ಇಟ್ಟು ಓದಿಸಬಹುದು. ಕನ್ನಡದ ಪ್ರತಿ ನಿಮ್ಮ ಶಾಲೆಯ ಗ್ರಂಥಾಲಯದಲ್ಲೇ ಇರಲೂಬಹುದು. ಇನ್ನೂ ಅಗ್ಗವಾಗಬೇಕೆಂದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಇಂಗ್ಲಿಷ್, ಕನ್ನಡ, ಮಲಯಾಳ ಮೂರರಲ್ಲೂ ಸಿಗುವವುಗಳನ್ನು ಆರಿಸಿ, ಮುದ್ರಿಸಿ, ಹೊಲಿದು ಕೊಡುವುದಕ್ಕೆ ಯಾರ ಅನುಮತಿಯೂ ಬೇಡ. ಅಲ್ಲಿ ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ಹಂತಗಳಾಗಿ ವಿಂಗಡಿಸಿದ್ದಾರೆ; ಪುಟ್ಟ ಮಕ್ಕಳ ಕಥೆಗಳೇ ಹೆಚ್ಚು, ಆದ್ದರಿಂದ ನಾಲ್ಕನೆಯ ಹಂತದವುಗಳನ್ನೇ ನೋಡಿ.

ಪುಸ್ತಕವನ್ನು ಒಬ್ಬರಿಗೇ ಕೊಡುವ ಬದಲು ಗುಂಪಿಗೆ ಕೊಡಿ ಎಂಬುದು ನನ್ನ ಸಲಹೆ. ಆರು ಮಕ್ಕಳ ಏಳು ಗುಂಪುಗಳಾದರೆ ಏಳು ಪುಸ್ತಕ ಸಾಕು. ಮೊದಲ ಪುಟದಲ್ಲಿ ಆರು ಹೆಸರುಗಳನ್ನು ಬರೆದು, ಓದಿ ಮುಗಿಸಿದವರು ತಮ್ಮ ಹೆಸರಿನ ಮುಂದೆ ತಾರೀಕು ಹಾಕಿ ಮುಂದಿನವರಿಗೆ ದಾಟಿಸಲಿ. ನಿಮ್ಮೂರಿನ ಗ್ರಂಥಾಲಯದ ಕಾರ್ಯದರ್ಶಿಯವರನ್ನೂ ಒಮ್ಮೆ ಕಾಣಿರಿ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ಪುಣ್ಯತಿಥಿಯಾದ ಜೂನ್ 19ನ್ನು ವಾಚನ ದಿನವೆಂದು ಆಚರಿಸುವ ರಾಜ್ಯದಲ್ಲಿ ನಾವಿದ್ದೇವೆ; ಶಿಬಿರ ಮುಗಿಸಿದ ಮಕ್ಕಳಿಗೆ ಒಂದು ವರ್ಷದ ಸದಸ್ಯತ್ವ ಕೊಡಿ ಎಂದು ಕೇಳಿದರೆ ಇಲ್ಲವೆನ್ನುವ ಗ್ರಂಥಾಲಯ ನಮ್ಮ ಜಿಲ್ಲೆಯಲ್ಲಿ ಇರಲಾರದೆಂದು ನನ್ನ ನಂಬಿಕೆ.

ಕಾಸು ಖರ್ಚಿಲ್ಲದ ಬಹುಮಾನಗಳೂ ಇವೆ, ಈ ವಯಸ್ಸಿನವರಿಗೆ ಅವೇ ಹೆಚ್ಚು ಪ್ರಿಯ. ಮರುದಿನದ ಆಟವನ್ನು ಆರಿಸುವ ಅಧಿಕಾರ, ಒಂದು ಗಂಟೆಯ ಕಾಲ ಅಧ್ಯಾಪಕರ ಸ್ಥಾನದಲ್ಲಿ ನಿಂತು ಪ್ರಶ್ನೆ ಕೇಳುವ ಅವಕಾಶ, ಸಮಾರೋಪದಲ್ಲಿ ಮೈಕ್ ಹಿಡಿದು ಇಂಗ್ಲಿಷಿನಲ್ಲಿ ನಿರೂಪಣೆ ಮಾಡುವ ಹೊಣೆ. ಈ ಕೊನೆಯದನ್ನು ದಯವಿಟ್ಟು ಅತ್ಯುತ್ತಮವಾಗಿ ಮಾತಾಡುವವರಿಗೇ ಕೊಡಬೇಡಿ. ಮೊದಲ ದಿನ ತುಟಿ ಬಿಚ್ಚದೆ ಆರನೆಯ ದಿನ ನಾಲ್ಕು ವಾಕ್ಯ ಹೇಳಬಲ್ಲವಳಾದ ಹುಡುಗಿಗೆ ಕೊಡಿ, ಜತೆಗೆ ಇನ್ನೊಬ್ಬರು ನಿಂತಿರಲಿ.

ಇನ್ನೊಂದು ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಶಿಬಿರದಲ್ಲಿ ಕನ್ನಡ ಮಾತಾಡಿದವರಿಗೆ ದಂಡ, ಇಂಗ್ಲಿಷ್ ಮಾತಾಡಿದವರಿಗೆ ಬಹುಮಾನ ಎಂಬ ನಿಯಮ ಮಾತ್ರ ಬೇಡ. ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ ಕನ್ನಡ, ಮರಾಠಿ ಅಥವಾ ಕೊಂಕಣಿ, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ, ಹೀಗೆ ಮೂರು ಭಾಷೆಗಳಲ್ಲಿ ಲೀಲಾಜಾಲವಾಗಿ ಬದುಕುವ ಮಗುವಿಗೆ ಇಂಗ್ಲಿಷ್ ನಾಲ್ಕನೆಯದು. ಈ ಸಾಮರ್ಥ್ಯ ದೊಡ್ಡ ನಗರಗಳ ಎಷ್ಟೋ ಮಕ್ಕಳಿಗಿಲ್ಲ. ಹಲವು ಭಾಷೆಗಳನ್ನು ಬಲ್ಲ ಮಂಜೇಶ್ವರ ಗೋವಿಂದ ಪೈಗಳ ನೆಲದಲ್ಲಿ ಅದನ್ನು ಕೊರತೆಯೆಂದು ಮಕ್ಕಳು ತಿಳಿಯುವಂತಾಗಬಾರದು. ಆದ್ದರಿಂದ ಒಂದು ಬಹುಮಾನವನ್ನು ಅನುವಾದಕ್ಕಾಗಿಯೇ ಮೀಸಲಿಡಿ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆಯನ್ನು ಹಲಗೆಯಲ್ಲಿ ಬರೆದು ಇಂಗ್ಲಿಷಿಗೆ ತರಲು ಗುಂಪುಗಳಿಗೆ ಹೇಳಿ ನೋಡಿ. ಅಡಿಕೆ, ಆನೆ ಸುಲಭ; "ಮಾನ" ಎಂಬುದಕ್ಕೆ ಆನರ್ ಸಾಕೇ, ಡಿಗ್ನಿಟಿ ಬೇಕೇ ಎಂದು ಅವರು ವಾದಿಸತೊಡಗಿದರೆ ಆ ಅರ್ಧ ಗಂಟೆ ನಿಮ್ಮ ಶಿಬಿರದ ಅತ್ಯುತ್ತಮ ಪಾಠವಾಗುತ್ತದೆ.

ಬೇಡವಾದವುಗಳನ್ನು ಚುಟುಕಾಗಿ ಹೇಳುತ್ತೇನೆ. ಹುಡುಗಿಯರಿಗೆ ಕ್ಲಿಪ್ಪು, ಹುಡುಗರಿಗೆ ಚೆಂಡು ಎಂಬ ಭೇದ ಬೇಡ. ಮೈಬಣ್ಣ ಬೆಳಗಿಸುವ ಕ್ರೀಮುಗಳು ಪ್ರಾಯೋಜಕರಿಂದ ಉಚಿತವಾಗಿ ಬಂದರೂ ಬೇಡ. ಪ್ಲಾಸ್ಟಿಕ್ ಕಡಿಮೆ ಮಾಡಿ ಎಂದು ನಾವೇ ಮಕ್ಕಳಿಗೆ ಹೇಳುತ್ತಿರುವಾಗ ಪ್ಲಾಸ್ಟಿಕ್ ಟ್ರೋಫಿ ಬೇಡ. ತಿಂಡಿಯನ್ನು ಬಹುಮಾನವಾಗಿಸದೆ ಸಂಜೆ ಎಲ್ಲರೂ ಕೂತು ಹಂಚಿ ತಿನ್ನುವಂತಾಗಲಿ, ಉಪವಾಸವಿರುವವರೋ ಪಥ್ಯದವರೋ ಇದ್ದರೆ ಅವರ ಪಾಲನ್ನು ಕಟ್ಟಿಕೊಡಿ.

ನಿಮ್ಮ 2,500 ರೂಪಾಯಿಗಳನ್ನು ನಾನಾಗಿದ್ದರೆ ಹೀಗೆ ವಿನಿಯೋಗಿಸುತ್ತಿದ್ದೆ. ನೋಟ್‌ಪುಸ್ತಕ ಮತ್ತು ಪೆನ್ನಿಗೆ ತಲಾ 25ರಂತೆ 1,050. ಏಳು ಗುಂಪುಗಳ ಪುಸ್ತಕಗಳಿಗೆ ತಲಾ 90ರಂತೆ 630. ಕೊನೆಯ ದಿನದ ಗುಂಪು ಚಿತ್ರದ ಪ್ರತಿ ಪ್ರತಿಯೊಬ್ಬರಿಗೂ ಸಿಗುವಂತೆ ತಲಾ 12ರಂತೆ 504. ಐವತ್ತು ಪೈಸೆಯ ಅಂಚೆ ಕಾರ್ಡುಗಳು 42ಕ್ಕೆ 21 ರೂಪಾಯಿ. ಇವುಗಳಲ್ಲಿ ಪ್ರತಿ ಮಗುವೂ ತನ್ನ ವಿಳಾಸಕ್ಕೇ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಿಡಲಿ, ನೀವು ಅವನ್ನು ಕ್ರಿಸ್‌ಮಸ್ ರಜೆಯ ಹೊತ್ತಿಗೆ ಡಬ್ಬಿಗೆ ಹಾಕಿರಿ. ಅಂಚೆಯವರು ತಮ್ಮ ಹೆಸರು ಹಿಡಿದು ಕರೆದು ಕಾಗದ ಕೊಟ್ಟ ಅನುಭವ ಈಗಿನ ಮಕ್ಕಳಲ್ಲಿ ಎಷ್ಟು ಮಂದಿಗಿದೆ? ಉಳಿದ 295 ರೂಪಾಯಿ ಪ್ರಮಾಣಪತ್ರದ ಕಾಗದಕ್ಕೂ ಕಥೆಗಳ ಮುದ್ರಣಕ್ಕೂ ಸಾಲುತ್ತದೆ.

ನಮ್ಮ ಪತ್ರಿಕೆಯ ಪಾಲೂ ಇರಲಿ. ಶಿಬಿರದಲ್ಲಿ ಓದಿದ ಇಂಗ್ಲಿಷ್ ಕಥೆಗಳಲ್ಲಿ ಸ್ಟೋರಿವೀವರಿನಂಥ ಮುಕ್ತ ಪರವಾನಗಿಯವುಗಳನ್ನು ಮಕ್ಕಳು ಕನ್ನಡಕ್ಕೆ ತಂದರೆ, ಮೂಲ ಲೇಖಕರ ಹೆಸರನ್ನೂ ಅನುವಾದಿಸಿದವರ ಹೆಸರು, ತರಗತಿಗಳನ್ನೂ ಹಾಕಿ ಮಕ್ಕಳ ಪುಟದಲ್ಲಿ ಅಚ್ಚು ಮಾಡುತ್ತೇವೆ, ಅನುವಾದಿಸಿದವರ ಮನೆಗೆ ಆ ಸಂಚಿಕೆಯ ಎರಡೆರಡು ಪ್ರತಿ ಕಳುಹಿಸುತ್ತೇವೆ. ಕಥೆ ಮುನ್ನೂರು ಪದಗಳನ್ನು ಮೀರದಿರಲಿ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆದಿರಲಿ. ನೀವು ತಿದ್ದದೆ, ಮಕ್ಕಳು ಬರೆದಂತೆಯೇ ಕಳುಹಿಸಿಕೊಡಿ. ತಿದ್ದುವುದಿದ್ದರೆ ಏಕೆ ತಿದ್ದಿದೆವೆಂದು ನಾವೇ ಆ ಮಗುವಿಗೆ ಬರೆದು ತಿಳಿಸುತ್ತೇವೆ.