ಪಾಂಟೂನ್‌ನಲ್ಲಿ ಅನುವಾದ ಬಾಕಿ ಉಳಿದಿದ್ದರೆ
ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾದ ಅನುವಾದ ತಾಣ ಪಾಂಟೂನ್‌ನಲ್ಲಿ, ಫೈರ್‌ಫಾಕ್ಸ್ ಕನ್ನಡಕ್ಕೆ ವರ್ಷದಿಂದ ಬರೆದದ್ದು ಹಾಗೇ ಉಳಿದಿದೆ, ಯಾರ ಪರಿಚಯವೂ ಆಗಿಲ್ಲ ಅಂದಿದ್ದೀರಿ ಅಲ್ವಾ. ಫೈರ್‌ಫಾಕ್ಸ್ ಕನ್ನಡಕ್ಕೆ ವರ್ಷದಿಂದ ಬರೆದದ್ದು ಹಾಗೇ ಉಳಿದಿದೆ, ಯಾರ ಪರಿಚಯವೂ ಆಗಿಲ್ಲ ಅಂದಿದ್ದೀರಿ ಅಲ್ವಾ. ಪಾಂಟೂನ್‌ನಲ್ಲಿ ಹೊಸಬರು ಬರೆದದ್ದು ಬರೀ ಸಲಹೆ. ಅನುಮತಿ ಇರುವವರು ಒಪ್ಪಿದ ಮೇಲೇ ಬ್ರೌಸರ್‌ಗೆ ಸೇರುತ್ತದೆ.

ಮೊದಲು ಕನ್ನಡ ತಂಡದ ಪುಟದಲ್ಲಿ ಕೊಡುಗೆದಾರರ ಪಟ್ಟಿ ತೆರೆಯಿರಿ. ಮ್ಯಾನೇಜರ್, ಅಂದರೆ ಅನುವಾದ ಒಪ್ಪುವ ಅನುಮತಿ ಇರುವ ತಂಡದ ಮುಖ್ಯಸ್ಥರು, ಯಾರು ಅಂತ ನೋಡಿಕೊಳ್ಳಿ. ಆಮೇಲೆ ನೀವು ಅನುವಾದಿಸಿದ ಒಂದು ಸಾಲಿಗೆ ಕಾಮೆಂಟ್ ಬರೆದು, ಅದರಲ್ಲಿ @ ಹಾಕಿ ಅವರ ಹೆಸರು ಬರೆದರೆ ಅವರಿಗೆ ನೋಟಿಫಿಕೇಶನ್ ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ತೋರಿಸಬೇಡಿ, 10 ಸಾಲು ಸಾಕು. ‘ಟ್ಯಾಬ್’ಗೆ ‘ಹಾಳೆ’ ಸರಿಯಾ ಅಂತ ಸುಮ್ನೆ ಕೇಳಿದರೂ ಮಾತು ಶುರುವಾಗುತ್ತದೆ. ನನಗೆ ಒಳ್ಳೆಯ ಸ್ನೇಹಿತರು ಸಿಕ್ಕಿದ್ದು ಇಂಥ ಪದಗಳ ಚರ್ಚೆಯಲ್ಲೇ.

ಎರಡು ವಾರ ಉತ್ತರ ಬರದಿದ್ದರೆ ಆ ಮ್ಯಾನೇಜರ್ ಈಗ ಸಕ್ರಿಯವಾಗಿಲ್ಲದೆಯೂ ಇರಬಹುದು. ಆಗ ಮೊಜಿಲ್ಲಾದ ಮ್ಯಾಟ್ರಿಕ್ಸ್ ಚಾಟ್‌ನಲ್ಲಿರುವ ಸ್ಥಳೀಕರಣದ (ಅನುವಾದ ಕೆಲಸದ) ಚಾಟ್ ಕೋಣೆಯಲ್ಲಿ ಕೇಳಿ, ಪರಿಶೀಲನೆಯ ಅನುಮತಿ ನಿಮಗೇ ಕೊಡಬಹುದಾ ಅಂತಲೂ ವಿಚಾರಿಸಿ.