ಹಳ್ಳಿಯಲ್ಲಿ ಅಂಗವಿಕಲರ ಸರ್ವೆಗೆ ಹೋದರೆ ಎಲ್ಲರೂ "ನಮ್ಮನೇಲಿ ಅಂಥವರು ಯಾರೂ ಇಲ್ಲ" ಅಂತಾರೆ. ಹೇಗೆ ಕೇಳಬೇಕು?

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಪ್ರಾಜೆಕ್ಟಿಗೆ ನಲವತ್ತು ಮನೆ ಸುತ್ತಿದರೂ ಸಿಕ್ಕಿದ್ದು ಇಬ್ಬರೇ ಅಂತ ಬರೆದಿದ್ದೀರಿ. ಜನ ಸುಳ್ಳು ಹೇಳುತ್ತಿಲ್ಲ. ತೊಂದರೆ ಇರುವುದು ನಾವು ಕೇಳುವ ರೀತಿಯಲ್ಲಿ.

ವಿಶ್ವವಿದ್ಯಾಲಯದ ಒಂದು ಅಧ್ಯಯನಕ್ಕೆ ನಾನೂ ಎರಡು ವರ್ಷ ಮನೆ ಮನೆ ತಿರುಗಿದ್ದೇನೆ. ಒಂದು ಮನೆಯಲ್ಲಿ ಸೊಸೆ "ಯಾರೂ ಇಲ್ಲ ಸರ್" ಅಂದರು. ಪಕ್ಕದ ಜಗಲಿ ಮೇಲೆ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ಕಣ್ಣು ಮೊರದ ಕಡೆ ಇರಲೇ ಇಲ್ಲ. ಹುಳು ತಿಂದ ಕಾಳನ್ನು ಬೆರಳಲ್ಲೇ ಸವರಿ ನೋಡಿ ಪಕ್ಕಕ್ಕೆ ಹಾಕುತ್ತಿದ್ದರು. "ಅಜ್ಜಿ, ಕಣ್ಣು ಕಾಣೋದು ಕಷ್ಟ ಆಗುತ್ತಾ?" ಅಂದೆ. "ನಾಲ್ಕು ವರ್ಷ ಆಯ್ತಪ್ಪ. ನೀನು ಬರೀ ನೆರಳಿನಂಗೆ ಕಾಣ್ತೀಯ" ಅಂದರು. ಸೊಸೆಯ ಲೆಕ್ಕದಲ್ಲಿ ಅದು ವಯಸ್ಸು. ಅಂಗವಿಕಲರು ಅಂದರೆ ಪೋಲಿಯೋ ಆದವರು, ಕಾರ್ಡ್ ಇರುವವರು, ಅಷ್ಟೇ.

ಇದಕ್ಕೇ ವಾಷಿಂಗ್ಟನ್ ಗ್ರೂಪ್ ಪ್ರಶ್ನೆಗಳಿವೆ. 2001ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದ ಅಡಿಯಲ್ಲಿ ಶುರುವಾದ ತಂಡ ಇದು. ಚಿಕ್ಕ ಪಟ್ಟಿಯಲ್ಲಿ ಇರುವುದು ಆರೇ ಪ್ರಶ್ನೆ: ನೋಡುವುದು, ಕೇಳಿಸಿಕೊಳ್ಳುವುದು, ನಡೆಯುವುದು, ನೆನಪು ಮತ್ತು ಗಮನ, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವುದು, ಮಾತಿನಲ್ಲಿ ತಿಳಿಸುವುದು. "ಕನ್ನಡಕ ಹಾಕಿಕೊಂಡರೂ ಕಾಣೋದು ಕಷ್ಟ ಆಗುತ್ತಾ?" ಅಂತ ಕೇಳಬೇಕು. ಉತ್ತರ ನಾಲ್ಕು: ಏನೂ ಕಷ್ಟ ಇಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗೋದೇ ಇಲ್ಲ. ಒಂದರಲ್ಲಾದರೂ ಕೊನೆಯ ಎರಡು ಉತ್ತರಗಳಲ್ಲಿ ಒಂದು ಬಂದರೆ ಲೆಕ್ಕಕ್ಕೆ ಸೇರುತ್ತಾರೆ. 'ಅಂಗವಿಕಲ' ಅನ್ನುವ ಪದವನ್ನು ಪೀಠಿಕೆಯಲ್ಲೂ ತರಬೇಡಿ.

2011ರ ಜನಗಣತಿಯಲ್ಲಿ ನೇರವಾಗಿ ಅಂಗವಿಕಲತೆ ಇದೆಯಾ ಅಂತಲೇ ಕೇಳಿದ್ದರು. ದೇಶದಲ್ಲಿ ಶೇ. 2.21, ಕರ್ನಾಟಕದಲ್ಲಿ 13.24 ಲಕ್ಷ ಜನ ಸಿಕ್ಕರು. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಅಂದಾಜು ಸುಮಾರು ಶೇ. 16. ಅಳತೆ ಬೇರೆ ಬೇರೆ, ನಿಜ. ಆದರೆ ಇಷ್ಟು ದೊಡ್ಡ ಅಂತರದಲ್ಲಿ ಆ ಅಜ್ಜಿಯಂಥವರು ಎಷ್ಟು ಜನ ಇರಬಹುದು ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

ಈ ಆರು ಪ್ರಶ್ನೆಗೆ ಮಾನಸಿಕ ಕಾಯಿಲೆ ಸರಿಯಾಗಿ ಸಿಗುವುದಿಲ್ಲ. ಪುಟ್ಟ ಮಕ್ಕಳಿಗೂ ಇದು ಹೊಂದುವುದಿಲ್ಲ. ಮಕ್ಕಳಿಗೆ ಯುನಿಸೆಫ್ ಜೊತೆ ಸೇರಿ ಮಾಡಿದ ಬೇರೆ ಪಟ್ಟಿ ಇದೆ.

ಇನ್ನೊಂದು ಮಾತು, ನನಗೆ ಇದೇ ಜಾಸ್ತಿ ಮುಖ್ಯ. ಆದಷ್ಟು ತೊಂದರೆ ಇರುವವರನ್ನೇ ಕೇಳಿ. ಕಿವಿ ಕೇಳದ ಒಬ್ಬ ಹುಡುಗನ ಬದಲು ಅವನ ತಾಯಿ ಎಲ್ಲಕ್ಕೂ ಉತ್ತರ ಕೊಟ್ಟರು. ಕೆಲಸ? "ಏನೂ ಇಲ್ಲ, ಸುಮ್ನೆ ಇರ್ತಾನೆ." ನಾನು ಹಾಗೇ ಬರೆದುಕೊಂಡೆ. ಅವನು ಬಗ್ಗಿ ಫಾರಂ ನೋಡಿದ, ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದ. ಬಿಚ್ಚಿಟ್ಟ ಪಂಪ್‌ಸೆಟ್ ಮೋಟಾರು, ಅರ್ಧ ಸುತ್ತಿದ ತಾಮ್ರದ ತಂತಿ. ಊರಿನ ಮೋಟಾರುಗಳೆಲ್ಲ ಅವನ ಹತ್ತಿರವೇ ಬರುತ್ತಿದ್ದವು. ಅಲ್ಲೇ ನಿಂತು 'ಇಲ್ಲ' ಹೊಡೆದು ಹಾಕಿ 'ಮೋಟಾರ್ ರಿಪೇರಿ' ಅಂತ ಬರೆದೆ.

ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲೇ ಕಂಡು ಮಾತಾಡಿ. ಪಿಂಚಣಿ ಕೊಡಿಸ್ತೀರಾ ಅಂತ ಜನ ಕೇಳಿಯೇ ಕೇಳುತ್ತಾರೆ. ನಿಮ್ಮ ಕೈಯಲ್ಲಿಲ್ಲ ಅಂತ ನೇರವಾಗಿ ಹೇಳಿ, ಯುಡಿಐಡಿ, ಅಂದರೆ ಅಂಗವಿಕಲರ ಸರ್ಕಾರಿ ಗುರುತಿನ ಕಾರ್ಡಿಗೆ ಎಲ್ಲಿ ಅರ್ಜಿ ಹಾಕಬೇಕು ಅಂತ ವಿಚಾರಿಸಿಕೊಂಡು ತಿಳಿಸಿ. ಆಮೇಲೆ 'ಯಾರೂ ಇಲ್ಲ' ಅಂದ ಆ ಮೂವತ್ತೆಂಟು ಮನೆಗಳಿಗೂ ಇನ್ನೊಂದು ಸಲ ಹೋಗಿ ಬನ್ನಿ.